ಬದುಕಿದ್ದ ಮರಕ್ಕೆ ಮರಣಪತ್ರ, ಕಾಣದ ಬಾತಿಗೆ ಕಾಯುವಿಕೆ

ಜೀವಜಾತಿಗಳ ಅಳಿವು-ಉಳಿವಿನ ಲೆಕ್ಕ ಇಡುವ ಕೆಂಪುಪಟ್ಟಿ 1998ರಲ್ಲಿ ನಮ್ಮ ಕರಾವಳಿಯ ಹಿಪ್ಪೆಯೊಂದನ್ನು ಅಳಿದುಹೋಗಿದೆ ಎಂದು ಸಾರಿತು. ಶಾಸ್ತ್ರದ ಹೆಸರು ಮಧುಕಾ ಇನ್‌ಸಿಗ್ನಿಸ್. ಸಪೋಟ, ಬಕುಳ ಎಲ್ಲ ಇದರ ನೆಂಟರೇ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಂದ ಒಯ್ದ ಒಣಗಿದ ರೆಂಬೆಯನ್ನು ನೋಡಿ ಜರ್ಮನಿಯ ರಾಡ್ಲ್‌ಕೋಫರ್ ಹೆಸರಿಟ್ಟ. ಆಮೇಲೆ ಡಚ್ಚರ ಲಾಮ್ ಅದನ್ನು ಹಿಪ್ಪೆಯ ಕುಲಕ್ಕೆ ಸೇರಿಸಿದ. ಹೆಸರು ಬದಲಾಗುತ್ತ ಹೋಯಿತು, ಮರ ಹುಡುಕಿಕೊಂಡು ಹೊಳೆಗಿಳಿದವರು ಕಡಿಮೆ. ಈ ಶತಮಾನದ ಮೊದಲ ದಶಕದಲ್ಲಿ ಸಸ್ಯಶಾಸ್ತ್ರಜ್ಞರು ಕುಮಾರಧಾರೆ ಹೊಳೆಯ ದಡಕ್ಕೆ ಹೋದರೆ, ಮರ ಅಲ್ಲೇ ನಿಂತಿತ್ತು!

ಅದೇ ಪಟ್ಟಿ ಗುಲಾಬಿ ತಲೆಯ ಬಾತಿನ ವಿಷಯದಲ್ಲಿ ಮಾತ್ರ ಎಷ್ಟು ಉದಾರ. ಗಂಗೆಯ ಬಯಲಿನ ಎತ್ತರದ ಹುಲ್ಲಿನ ಜೌಗುಗಳಲ್ಲಿದ್ದ ಹಕ್ಕಿ ಇದು. ಕಂದುಗಪ್ಪು ಮೈ, ಗಂಡಿನ ತಲೆ-ಕತ್ತಿಗೆ ಗುಲಾಬಿ ಬಣ್ಣ, ಮೊಟ್ಟೆಯೋ ಗೋಲಿಯಂತೆ ದುಂಡಗೆ. 1790ರಲ್ಲಿ ಲ್ಯಾಥಮ್ ಇದನ್ನು ಮಾಮೂಲಿ ಬಾತುಗಳ ಸಾಲಿನಲ್ಲಿ ಕೂರಿಸಿದ. ಮುಂದೆ ಇದಕ್ಕೇ ಪ್ರತ್ಯೇಕ ಕುಲ ಕಟ್ಟಿದರು. ಮತ್ತೆ ಕೆಲವರು, ಅಲ್ಲ, ಕೆಂಪುಜುಟ್ಟಿನ ಪೋಚಾರ್ಡ್ ಬಳಗದ್ದೇ ಎಂದು ತಕರಾರು ತೆಗೆದರು. ವಾದ ನಡೆಯುತ್ತಿದ್ದಂತೆ ಜೌಗು ಗದ್ದೆಯಾಯಿತು, ಬಂದೂಕೂ ಬಿಡಲಿಲ್ಲ. ಖಚಿತವೆನ್ನುವ ಕೊನೆಯ ದಾಖಲೆ 1935ರ ದರ್ಭಾಂಗದ್ದು.

ನನ್ನನ್ನು ಬಿಡದೆ ಕಾಡುವವನು ಆಲ್ಫ್ರೆಡ್ ಎಜ್ರಾ. ಕಲ್ಕತ್ತೆ ಮೂಲದ ಈ ಶ್ರೀಮಂತ ಇಂಗ್ಲೆಂಡಿನ ಸರ್ರೆಯ ಫಾಕ್ಸ್‌ವಾರನ್ ಪಾರ್ಕಿನಲ್ಲಿ ಈ ಬಾತುಗಳನ್ನು ಸಾಕಿದ್ದ. ಇಂದು ನಮಗೆ ಉಳಿದಿರುವ ಹೆಸರಾಂತ ಫೋಟೊ ಅಲ್ಲಿಯದೇ. ಕೊಳ, ಕಾಳು, ಕಾವಲು ಎಲ್ಲ ಕೊಟ್ಟರೂ ಪಂಜರದಲ್ಲಿ ಮರಿ ಮಾತ್ರ ಆಗಲೇ ಇಲ್ಲ.

2017ರಲ್ಲೂ ಒಂದು ತಂಡ ಈ ಬಾತನ್ನು ಹುಡುಕುತ್ತ ಮ್ಯಾನ್ಮಾರ್‌ನ ಇಂಡಾಜಿ ಸರೋವರದವರೆಗೆ ಹೋಗಿ ಬರಿಗೈಲಿ ಮರಳಿತು. ಆದರೂ ಪಟ್ಟಿಯಲ್ಲಿ ಬಾತು ‘ತೀವ್ರ ಅಪಾಯದಲ್ಲಿದೆ, ಬಹುಶಃ ಅಳಿದಿದೆ’ ಅಷ್ಟೇ. ರೆಕ್ಕೆಯಿದ್ದದ್ದು ಎಲ್ಲಾದರೂ ಹಾರಿ ಬದುಕಿರಬಹುದು ಎಂಬ ಆಸೆ ನ್ಯಾಯವೇ. ಕದಲದೆ ನಿಂತ ಮರದ ಬಗ್ಗೆ ಅಷ್ಟು ಅವಸರ ಏಕೆ ಬೇಕಿತ್ತು?

ನಮ್ಮ ಕಾನೂನಿನ ಧೋರಣೆಯೂ ಬೇರೆಯೇನಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಹುಲಿಯ ಜೊತೆ ಕಾಣದ ಈ ಬಾತಿಗೂ ಜಾಗವಿದೆ. ಸಸ್ಯಗಳಿಗೆ ಆ ಕಾಯ್ದೆಯೊಳಗೆ ಪ್ರವೇಶ ಸಿಕ್ಕಿದ್ದೇ 1991ರ ತಿದ್ದುಪಡಿಯಲ್ಲಿ, ಅದೂ ಆರೇ ಹೆಸರುಗಳಿಗೆ. ಕುಮಾರಧಾರೆಯ ಹಿಪ್ಪೆ ಆ ಆರರಲ್ಲಿ ಇರಲಿಲ್ಲ.