ಪೊನ್ ಅಲ್ಲ, ಪೊಲ: ಕೆಜಿಎಫ್ ಸುತ್ತ ಸೈಕಲ್ ಮೇಲೆ ಶಾಸನ ಓದುವುದು

ಮೊದಲು ಒಂದು ತಿದ್ದುಪಡಿ. ಎರಡು ವರ್ಷದ ಹಿಂದೆ ಕೆಜಿಎಫ್ ಭಾಗದ ಒಂದು ಹೊಲದಲ್ಲಿರುವ ತುಂಡು ಶಾಸನದ ಫೋಟೋ ಹಾಕಿ, ಅದರಲ್ಲಿ 'ಪೊನ್ನ ಕುೞಿ', ಅಂದರೆ ಚಿನ್ನದ ಗುಂಡಿ, ಎಂದು ಬರೆದಿದೆ ಅಂತ ನಾನು ಹೇಳಿದ್ದೆ. ಆ ಓದು ತಪ್ಪು. ಅದನ್ನು ಬಹಳ ಜನ ಹಂಚಿಕೊಂಡಿದ್ದಾರೆ, ಈಗಲೂ ಅಲ್ಲಿ ಇಲ್ಲಿ ಓಡಾಡುತ್ತಿದೆ. ದಯವಿಟ್ಟು ಅಳಿಸಿಬಿಡಿ. ತಪ್ಪು ಮಾಡಿದ್ದೂ ಸೈಕಲ್ ಮೇಲೆ ಹೋದಾಗ, ತಿದ್ದಿಕೊಂಡಿದ್ದೂ ಸೈಕಲ್ ಮೇಲೆ ಹೋದಾಗ. ಹಾಗಾಗಿ ಆ ದಾರಿಯಿಂದಲೇ ಶುರು ಮಾಡುತ್ತೇನೆ.

ಬಂಗಾರಪೇಟೆವರೆಗೆ ರೈಲು, ಅಲ್ಲಿಂದ ಸೈಕಲ್. ಊರಿನ ಹೆಸರು ಕೇಳಿದರೆ ಚಿನ್ನದಿಂದ ಬಂದಿದೆ ಅನ್ನಿಸುತ್ತದೆ. ಅಲ್ಲ. ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ ಜನರ ಬಾಯಲ್ಲಿ ಬಂಗಾರಪೇಟೆಯಾಯಿತು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯದ್ದು. ಈ ಭಾಗದ ಶಾಸನಗಳನ್ನು ಹುಡುಕುವವರು ಅದರಲ್ಲಿ ಬೌರಿಂಗ್‌ಪೇಟೆ ತಾಲ್ಲೂಕು ಅಂತ ಹುಡುಕಬೇಕು, ಬಂಗಾರಪೇಟೆ ಅಂತ ಹುಡುಕಿದರೆ ಸಿಗಲ್ಲ. ಬೌರಿಂಗ್ ಕಿವಿಗೆ ಬಂಗಾರವಾಗಿ ಕೇಳಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ ಅಂತ ನನಗೆ ಆಮೇಲೆ ಚೆನ್ನಾಗಿ ಅರ್ಥವಾಯಿತು.

ಕಾರಿನಲ್ಲಿ ಹೋದರೆ ಗೊತ್ತಾಗದ ಒಂದು ಸಂಗತಿ ಸೈಕಲ್ಲಿನಲ್ಲಿ ಗೊತ್ತಾಗುತ್ತದೆ. ಚಿನ್ನ ಇದ್ದದ್ದು ಕೋಲಾರದ ಶಿಸ್ಟ್ ಪಟ್ಟಿಯಲ್ಲಿ. ಉತ್ತರ-ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದ, ಅಗಲ ಮಾತ್ರ ಕೆಲವೇ ಕಿ.ಮೀ. ಪಶ್ಚಿಮದಿಂದ ಪೂರ್ವಕ್ಕೆ ಪೆಡಲ್ ತುಳಿಯುತ್ತಾ ಹೋದರೆ ಬೂದು ಬಂಡೆಗಳು ನಿಂತು, ಕಪ್ಪು ಕಲ್ಲು ಬಂದು, ಅರ್ಧ ಗಂಟೆಯೊಳಗೆ ಮತ್ತೆ ಬೂದು ಬಂಡೆ ಶುರುವಾಗುತ್ತದೆ. ನಡುವಿನ ಆ ಕಪ್ಪು ಪಟ್ಟಿಯ ಮೇಲೆಯೇ ಉರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಎಲ್ಲ ಇರುವುದು. 1880ರಿಂದ ಜಾನ್ ಟೇಲರ್ ಕಂಪನಿ ಇಲ್ಲಿ ತಳ ಊರಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಗಣಿ 3 ಕಿ.ಮೀ.ಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ, ಸಿನಿಮಾ ಬಂದ ಮೇಲಂತೂ ಗೊತ್ತಿಲ್ಲದವರಿಲ್ಲ.

ಬಿಳಿಚಿಕೊಂಡ ಸೈನೈಡ್ ದಿಬ್ಬಗಳ ಮೇಲೆ ಸೈಕಲ್ ಹತ್ತಿಸುವ ಆಸೆ ಬೇಡ. ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ಅದು ಅರೆದು ಚಿನ್ನ ತೆಗೆದ ಮೇಲೆ ಉಳಿದ ಹುಡಿ. ಗಾಳಿ ಬೀಸಿದರೆ ಎದ್ದು ಮೂಗಿಗೆ ಬರುತ್ತದೆ. ಅಲ್ಲಿ ವಾಸ ಮಾಡುವವರು ಒಣ ತಿಂಗಳುಗಳಲ್ಲಿ ಅದನ್ನು ದಿನವೂ ಅನುಭವಿಸುತ್ತಾರೆ, ನಾವು ಹೋಗಿ ಇನ್ನಷ್ಟು ಕೆದಕುವುದು ಬೇಡ. ಕೆಳಗಿನ ರಸ್ತೆಯಿಂದಲೇ ನೋಡಿ ಮುಂದೆ ಹೋಗಿ.

ಮುಂದೆ ಅಂದರೆ ಬೇತಮಂಗಲ. ನನ್ನ ಪ್ರಕಾರ ಕೆಜಿಎಫ್ ನೋಡಲು ಹೋದವರು ತಪ್ಪದೇ ನೋಡಬೇಕಾದ್ದು ಶಾಫ್ಟುಗಳನ್ನಲ್ಲ, ಬೇತಮಂಗಲದ ಕೆರೆಯನ್ನು. ಪಾಲಾರ್ ಹೊಳೆಗೆ ಅಡ್ಡಲಾಗಿ ಏರಿ ಕಟ್ಟಿದ ಕೆರೆ ಇದು. ಬೆಳಿಗ್ಗೆ ಏಳರ ಹೊತ್ತಿಗೆ ಏರಿ ಮೇಲೆ ಸೈಕಲ್ ನಿಲ್ಲಿಸಿ ಟೀ ಕುಡಿಯುತ್ತಾ ನಿಂತರೆ ಅರ್ಧ ದಿನ ಅಲ್ಲೇ ಕಳೆದುಹೋಗುತ್ತದೆ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಇಲ್ಲಿ ಆಳಿದ ಬಾಣ ಅರಸರಲ್ಲಿ ವಿಜಯಾದಿತ್ಯ ಎಂಬ ಹೆಸರಿನವರಿದ್ದರು. ಇಲ್ಲಿನ ಕೆರೆಯನ್ನು ನೊಳಂಬ ಅರಸ ಇರಿವ ನೊಳಂಬ ಸುಮಾರು ಕ್ರಿ.ಶ. 950ರಲ್ಲಿ ದುರಸ್ತಿ ಮಾಡಿಸಿದ್ದನ್ನು ವಿಜಯೇಂದ್ರ ದೇವಸ್ಥಾನದ ಶಾಸನ ಹೇಳುತ್ತದೆ. ಕಟ್ಟಿಸಿದ್ದಲ್ಲ, ದುರಸ್ತಿ ಮಾಡಿಸಿದ್ದು. ಅಂದರೆ ಆಗಲೇ ಅದು ಹಳೆಯ ಕೆರೆ. ಮತ್ತೆ ಒಡೆದಾಗ 12ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕನೊಬ್ಬ ಸರಿಮಾಡಿಸಿದ. ಅದೇ ಕೆರೆಯ ನೀರನ್ನೇ ಪಂಪು ಮಾಡಿ, ಕೊಳವೆಯಲ್ಲಿ ಹಾಯಿಸಿ, ಗಣಿ ಕಾಲದಲ್ಲಿ ಕೆಜಿಎಫ್‌ಗೆ ಕುಡಿಯಲು ಕೊಟ್ಟದ್ದು. ಗಣಿಯೊಳಗಿಂದ ಬೆವರಿ ಮೇಲೆ ಬಂದ ಆಳು ಕುಡಿದದ್ದು ಇರಿವ ನೊಳಂಬ ಉಳಿಸಿಕೊಟ್ಟ ಕೆರೆಯ ನೀರು. ಎಂಜಿನಿಯರ್ ಆಗಿ ಹೇಳುತ್ತೇನೆ, ಸಾವಿರ ವರ್ಷ ಕೆಲಸ ಮಾಡಿದ ರಚನೆ ಅಂದರೆ ಸಣ್ಣ ಮಾತಲ್ಲ. ಅದರ ಪಕ್ಕದಲ್ಲಿ 120 ವರ್ಷದ ಗಣಿ ಹುಡುಗಾಟ.

ಶಾಸನ ಓದಲು ಈಗಷ್ಟೇ ಕಲಿಯುತ್ತಿರುವವರಿಗೆ ಈ ಭಾಗ ಒಳ್ಳೆಯ ಪಾಠಶಾಲೆ. ನಾನು ಕಲ್ಲಿನ ಮೇಲೆ ಮೊದಲು ಗುರುತು ಹಿಡಿದ ಪದ 'ಕೆಱೆ'. ಇಂದಿನ 'ಕೆರೆ'ಯನ್ನು ಹಳಗನ್ನಡದಲ್ಲಿ ಬರೆಯುವುದು ಱ ಹಾಕಿ. ವೀರಗಲ್ಲುಗಳಲ್ಲಿ ಬರುವ 'ತುಱು', ಅಂದರೆ ದನ, ಅದರಲ್ಲೂ ಅದೇ ಱ. ಸವೆದ ಕಲ್ಲಿನ ಮುಂದೆ ಕೂತಾಗ ಮೊದಲ ಸಾಲಿನಿಂದ ಓದಲು ಹೋಗಬೇಡಿ. ಒಂದು ಱ ಎಲ್ಲಿದೆ ಹುಡುಕಿ. ಅದರ ಹಿಂದೆ ಕೆ ಇದ್ದರೆ ನೀರಿನ ವಿಷಯ, ತು ಇದ್ದರೆ ದನ ಬಿಡಿಸಲು ಹೋಗಿ ಸತ್ತವನ ವಿಷಯ. ಎಲ್ಲ ಸಲವೂ ಹೀಗೇ ಆಗಲ್ಲ, ಆದರೆ ಕಾಲೂರಲು ಒಂದು ಜಾಗ ಸಿಗುತ್ತದೆ. ಆಮೇಲೆ ಕಣ್ಣಿಗೆ ಬೀಳುವ ಪದ 'ಬಿತ್ತುವಟ್ಟ': ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಕೆರೆ ಕೆಳಗಿನ ಭೂಮಿಯಲ್ಲಿ ಬಿಟ್ಟುಕೊಟ್ಟ ಪಾಲು. ಹೂಳೆತ್ತುವ ಖರ್ಚು ಯಾರ ತಲೆ ಮೇಲೆ ಅಂತ ನಾವು ಇವತ್ತು ಮೀಟಿಂಗ್ ಮಾಡುತ್ತೇವಲ್ಲ, ಅದಕ್ಕೆ ಅವರು ಕಂಡುಕೊಂಡಿದ್ದ ಉತ್ತರ.

ಬೇತಮಂಗಲದಿಂದ ಉತ್ತರಕ್ಕೆ ಆವನಿ. ಭಾನುವಾರವಾದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರದ ವಾಹನ ಸಂದಣಿ ತಪ್ಪಿಸಿ ಹಳ್ಳಿ ದಾರಿ ಹಿಡಿಯಿರಿ, ರಾಗಿ ಹೊಲ, ಟೊಮೆಟೊ ತೋಟಗಳ ನಡುವೆ ಸುಖವಾದ ಸವಾರಿ. ಆವನಿ ಬೆಟ್ಟದ ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯಗಳ ಗುಂಪು ಇದೆ. ಮೇಲೆ ಹತ್ತಲು ಮೆಟ್ಟಿಲು, ಸೈಕಲ್ ಕೆಳಗೇ ಬಿಡಬೇಕು. ಇಲ್ಲಿನ 10ನೇ ಶತಮಾನದ ಒಂದು ಶಾಸನ ತ್ರಿಭುವನಕರ್ತಾರ ದೇವ ಎಂಬ ಯತಿಯದ್ದು. ನಲವತ್ತು ವರ್ಷ ಆವನಿಯ ಸ್ಥಾನವನ್ನು ನಡೆಸಿ, ಐವತ್ತು ದೇಗುಲ ಮತ್ತು ಎರಡು ದೊಡ್ಡ ಕೆರೆಗಳನ್ನು ಮಾಡಿಸಿದ ಅಂತ ಅದು ಹೇಳುತ್ತದೆ. ಸನ್ಯಾಸಿಯ ಸಾಧನೆಯ ಪಟ್ಟಿಯಲ್ಲೂ ಕೆರೆ ಇದೆ ನೋಡಿ.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಈ ನೆಲದಲ್ಲಿ ಬ್ರಿಟಿಷರಿಗಿಂತ ಮೊದಲೇ ಚಿನ್ನ ಅಗೆಯುತ್ತಿದ್ದರು. 1802ರಲ್ಲಿ ವಾರನ್ ಎಂಬ ಸೈನ್ಯಾಧಿಕಾರಿ ಉರಿಗಾಂ, ಮಾರಿಕುಪ್ಪಂ ಕಡೆ ಬಂದಾಗ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡ. ಅದಕ್ಕೂ ಹಿಂದಿನ ಆಳದ ಕುಣಿಗಳು ಇದ್ದವು, ಹಳಬರ ಆ ಕುಣಿಗಳ ಜಾಡು ಹಿಡಿದೇ ಕಂಪನಿಯವರು ಕೆಳಗಿಳಿದದ್ದು. ಆದರೆ ನಾನು ಇಷ್ಟು ವರ್ಷ ಸುತ್ತಿ ನೋಡಿದ ಕಲ್ಲುಗಳಲ್ಲಿ ಕೆರೆ ಕಟ್ಟಿದವನಿದ್ದಾನೆ, ದನಕ್ಕಾಗಿ ಸತ್ತವನಿದ್ದಾನೆ, ಭೂಮಿ ಬಿಟ್ಟವನಿದ್ದಾನೆ. ಕುಣಿಗೆ ಇಳಿದು ಚಿನ್ನ ಅಗೆದವನು ಒಬ್ಬನೂ ಇಲ್ಲ. ಕೋಲಾರಮ್ಮನ ಗುಡಿಯ ಚೋಳರ ತಮಿಳು ಶಾಸನಗಳವರೆಗೂ ಹೋಗಿ ತಡಕಾಡಿದೆ, ಅಲ್ಲೂ ನನಗೆ ಸಿಗಲಿಲ್ಲ. ಈ ಖಾಲಿ ಜಾಗ ನನ್ನನ್ನು ಕಾಡುತ್ತಿತ್ತು. ಅದನ್ನು ನಾನೇ ತುಂಬಬೇಕು ಅಂತ ಒಳಗೊಳಗೇ ಆಸೆ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಹಾಗಿದ್ದಾಗ ಆ ತುಂಡು ಕಲ್ಲು ಸಿಕ್ಕಿತು. ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಕಾರಣ ಮುಂದೆ ಗೊತ್ತಾಗುತ್ತದೆ. ಮೇಲಿನ ಭಾಗ ಒಡೆದುಹೋಗಿದೆ, ನಾಲ್ಕು ಸಾಲು ಉಳಿದಿದೆ. ಬೆಳಿಗ್ಗೆ ಎಂಟಕ್ಕೆ ತಲುಪಿದ್ದೆ. ಮೂರನೇ ಸಾಲಿನಲ್ಲಿ 'ಪೊ' ಸ್ಪಷ್ಟ. ಅದರ ಮುಂದಿನ ಅಕ್ಷರದ ಒಂದು ಬದಿ ಚಕ್ಕೆ ಎದ್ದಿತ್ತು, ನ್ನ ಅಂದುಕೊಂಡೆ. ಮುಂದೆ 'ಕ'ಕಾರದ್ದೊಂದು, ಮತ್ತೆ ಳ ಅಥವಾ ೞ ಇರಬಹುದಾದ್ದೊಂದು. ಪೊನ್ನ ಕುೞಿ! ಕೈ ನಡುಗಿತ್ತು. ಅಲ್ಲೇ ಬೇವಿನ ಮರದ ಕೆಳಗೆ ಕೂತು ಫೋನಿನಲ್ಲೇ ಬರೆದು ಹಾಕಿದೆ.

ಕಳೆದ ಚಳಿಗಾಲದಲ್ಲಿ ಮತ್ತೆ ಹೋದೆ. ಈ ಸಲ ಟೈರ್ ಪಂಕ್ಚರ್ ಆಗಿ ತಲುಪುವಷ್ಟರಲ್ಲಿ ಹನ್ನೊಂದು ದಾಟಿತ್ತು. ಅದೇ ಒಳ್ಳೆಯದಾಯಿತು. ಕಲ್ಲಿನ ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ಅದಕ್ಕೆ ಎದುರಿನಿಂದಲೇ ಹೊಡೆಯುತ್ತದೆ, ಕೊರೆದ ಗೆರೆಯೊಳಗೆ ನೆರಳೇ ಬೀಳಲ್ಲ, ಅಕ್ಷರ ಚಪ್ಪಟೆಯಾಗುತ್ತದೆ. ಹನ್ನೆರಡರ ಹೊತ್ತಿಗೆ ಸೂರ್ಯ ಕಲ್ಲಿನ ಮುಖಕ್ಕೆ ಸಮನಾಗಿ ಬಂದು ಬೆಳಕು ಓರೆಯಾಗಿ ಜಾರತೊಡಗಿದಾಗ, ಚಕ್ಕೆ ಎದ್ದ ಜಾಗದ ತಳದಲ್ಲಿ ಒಂದು ಸುರುಳಿ ಎದ್ದು ಕಂಡಿತು. ಅದು ನ್ನ ಅಲ್ಲ, ಲ. 'ಪೊಲ'. ನಮ್ಮ ಹೊಲ. ಮುಂದಿನದ್ದು ಕುೞಿ ಅಲ್ಲ, 'ಕೊಳಗ'. ಎಷ್ಟು ಕೊಳಗ ಬೀಜ ಬಿತ್ತಬಹುದೋ ಅಷ್ಟು ಭೂಮಿ ಎಂಬ ಹಳೆಯ ಅಳತೆ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಯಾರೋ ಯಾರಿಗೋ ಹೊಲ ಬಿಟ್ಟುಕೊಟ್ಟ ಮಾಮೂಲಿ ದಾನಶಾಸನ.

ಬೆಳಿಗ್ಗೆ ಹೋಗಿ ಅನ್ನೋ ಸಲಹೆ ಅರ್ಧ ಸತ್ಯ ಮಾತ್ರ. ಪೂರ್ವಕ್ಕೂ ಪಶ್ಚಿಮಕ್ಕೂ ಮುಖ ಮಾಡಿದ ಕಲ್ಲಿಗೆ ನಡುಹಗಲು, ದಕ್ಷಿಣಕ್ಕೆ ಮುಖ ಮಾಡಿದ್ದಕ್ಕೆ ಬೆಳಿಗ್ಗೆ ಅಥವಾ ಸಂಜೆ. ಉತ್ತರಕ್ಕೆ ಮುಖ ಮಾಡಿದ್ದರೆ ಚಳಿಗಾಲದಲ್ಲಿ ಬಿಸಿಲೇ ಬೀಳಲ್ಲ, ಒಂದು ಸಣ್ಣ ಕನ್ನಡಿ ಇಟ್ಟುಕೊಂಡು ಬೆಳಕನ್ನು ಪಕ್ಕದಿಂದ ಹಾಯಿಸಬೇಕು. ಸೀಮೆಸುಣ್ಣ ತುಂಬುವುದಂತೂ ಬೇಡವೇ ಬೇಡ. ಅದು ಕಲ್ಲಿಗೂ ಕೆಡುಕು, ಓದಿಗೂ ಕೆಡುಕು. ನೀವು ಅಂದುಕೊಂಡ ಅಕ್ಷರವನ್ನೇ ನೀವು ತುಂಬುತ್ತೀರಿ, ಆಮೇಲೆ ನೋಡಿದವರಿಗೂ ಅದೇ ಕಾಣುತ್ತದೆ. ಇನ್ನೊಂದು ಮಾತು: ಅದು 'ಪೊನ್' ಎಂದೇ ಇದ್ದಿದ್ದರೂ ಗಣಿ ಅಂತ ಹಾರಬಾರದಿತ್ತು. ಶಾಸನಗಳಲ್ಲಿ ಪೊನ್, ಗದ್ಯಾಣ ಅಂದರೆ ಬಹುಪಾಲು ನಾಣ್ಯ, ತೆರಿಗೆ, ದಂಡದ ಲೆಕ್ಕ.

ಓದು ತಪ್ಪಿದ್ದು ಇಷ್ಟಕ್ಕೇ ಮುಗಿದಿದ್ದರೆ ನಾಚಿಕೆ ಪಟ್ಟು ಸುಮ್ಮನಾಗುತ್ತಿದ್ದೆ. ಆ ದಿನ ಕಲ್ಲಿನ ಹಿಂದುಗಡೆ ಸೊಂಟದಾಳದ ಗುಂಡಿ ತೋಡಿತ್ತು. ಕಲ್ಲು ಒಂದು ಕಡೆಗೆ ವಾಲಿತ್ತು. ಹೊಲದ ಯಜಮಾನರು, ಎಪ್ಪತ್ತರ ಹತ್ತಿರದವರು, ಬಂದು ನಿಂತರು.

"ಏನ್ ಸಾರ್, ಈ ಕಲ್ಲಲ್ಲಿ ಚಿನ್ನದ ಗುಂಡಿ ಐತೆ ಅಂತ ಬರ್ದೈತಂತಲ್ಲ? ಯಾರೋ ಹುಡುಗ್ರು ಫೋನಲ್ಲಿ ತೋರಿಸಿದ್ರು. ಆಮ್ಯಾಕೆ ಒಂದಿನ ಬೆಳಿಗ್ಗೆ ಬಂದು ನೋಡಿದ್ರೆ ಹಿಂಗ್ ಅಗ್ದವ್ರೆ."

ಅದು ನನ್ನ ಬರಹದ ಫೋಟೋನೇ ಅಂತ ಸಾಬೀತು ಮಾಡಲು ಆಗಲ್ಲ. ನಿಧಿ ಆಸೆಗೆ ವೀರಗಲ್ಲು, ಶಾಸನ ಕಿತ್ತು ಹಾಕುವುದು ನಮ್ಮಲ್ಲಿ ಹೊಸತೂ ಅಲ್ಲ. ಆದರೆ ಫೋಟೋ ಜೊತೆ ಊರಿನ ಹೆಸರು, ಮ್ಯಾಪಿನ ಗುರುತು ಎರಡನ್ನೂ ಕೊಟ್ಟಿದ್ದವನು ನಾನು. ಅವರಿಗೆ ಅದನ್ನು ಹೇಳಿದೆ. "ಅಣ್ಣ, ಬರ್ದಿದ್ದು ನಾನೇ. ತಪ್ಪು ಓದಿದ್ದೆ. ಇದರಲ್ಲಿ ಚಿನ್ನ ಇಲ್ಲ, ಹೊಲ ಕೊಟ್ಟಿದ್ದು ಅಂತ ಇದೆ" ಅಂದೆ. ಅವರು ಬೈಯಲಿಲ್ಲ. "ಹೊಲಾನಾ? ಈ ಹೊಲಾನೇನಾ?" ಅಂತ ಕೇಳಿದರು. ಯಾವ ಹೊಲ ಅನ್ನೋದು ಒಡೆದುಹೋದ ಮೇಲಿನ ಭಾಗದಲ್ಲಿ ಇದ್ದಿರಬೇಕು ಅಂದೆ.

ಗುಂಡಿಗೆ ಇಬ್ಬರೂ ಸೇರಿ ಮಣ್ಣು ಎಳೆದೆವು. ಅವರ ಮಗ ಹಾರೆ ತಂದು ಕಲ್ಲನ್ನು ನೆಟ್ಟಗೆ ಮಾಡಿ ಬುಡಕ್ಕೆ ಕಲ್ಲು ಚೂರು ಜಡಿದ. ಸಿಮೆಂಟು ಹಾಕೋಣ ಅಂದ, ಬೇಡ ಅಂದೆ. ಹೊಸ ಓದನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು, ಅರ್ಥವನ್ನೂ ಕೆಳಗೆ ಬರೆದು, ಅವರ ಕೈಗೆ ಕೊಟ್ಟು ಬಂದಿದ್ದೇನೆ. ಯಾರಾದರೂ ಕೇಳಿಕೊಂಡು ಬಂದರೆ ತೋರಿಸುತ್ತೇನೆ ಅಂದಿದ್ದಾರೆ. ಮೊದಲ ಸಾಲಿನ ಕೊನೆಯಲ್ಲಿ ಒಂದು ಱ ಇರುವ ಹಾಗೆ ಕಾಣುತ್ತದೆ. ಅದರ ಹಿಂದಿನ ಅಕ್ಷರ ಇನ್ನೂ ಬಿಡಿಸಲಾಗಿಲ್ಲ. ಸಂಕ್ರಾಂತಿ ಕಳೆದ ಮೇಲೆ, ನಡುಹಗಲಿಗೆ ಸರಿಯಾಗಿ ತಲುಪುವ ಹಾಗೆ, ಇನ್ನೊಂದು ಸಲ ಹೋಗುತ್ತೇನೆ.