ಎರಡನೇ ಸಹಿ

ಮಕ್ಕಳೇ, ಲೂಜ್ ಎಂಬ ಆಟ ಗೊತ್ತೇ? ಚಕ್ರವಿಲ್ಲದ ಪುಟ್ಟ ಬಂಡಿಯ ಮೇಲೆ ಅಂಗಾತ ಮಲಗಿ, ಕಾಲು ಮುಂದಾಗಿ, ಮಂಜುಗಡ್ಡೆಯ ಓಣಿಯಲ್ಲಿ ಕೆಳಕ್ಕೆ ಜಾರುವುದು. ಬ್ರೇಕ್ ಇಲ್ಲ. ಮೀನಖಂಡ, ಭುಜ ಒತ್ತಿಯೇ ದಿಕ್ಕು ತಿದ್ದಬೇಕು.

2010ರ ಫೆಬ್ರವರಿ 12. ಕೆನಡಾದ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಗೆ ಕೆಲವೇ ಗಂಟೆ ಬಾಕಿ. ವಿಸ್ಲರ್‌ನಲ್ಲಿ ಅಭ್ಯಾಸ ಮಾಡುತ್ತಿದ್ದ ಜಾರ್ಜಿಯಾದ ಹುಡುಗ ನೋದಾರ್ ಕುಮಾರಿತಾಶ್ವಿಲಿ ಕೊನೆಯ ತಿರುವಿನಲ್ಲಿ ಹತೋಟಿ ತಪ್ಪಿದ. ವೇಗ ಗಂಟೆಗೆ 140 ಕಿ.ಮೀ.ಗೂ ಹೆಚ್ಚು. ಗೋಡೆ ದಾಟಿ ಉಕ್ಕಿನ ಕಂಬಕ್ಕೆ ಬಡಿದು ಪ್ರಾಣ ಬಿಟ್ಟ. ವಯಸ್ಸು 21. ಆ ಸಂಜೆ ಅವನ ಸಂಗಡಿಗರು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ನಡೆದರು.

ತಿರುವಿನಿಂದ ಅವನು ತಡವಾಗಿ ಹೊರಬಂದದ್ದೇ ಕಾರಣ, ಓಣಿಯ ದೋಷವಲ್ಲ ಎಂದರು ಅಧಿಕಾರಿಗಳು. ಆದರೂ ಸ್ಪರ್ಧೆಗೆ ಮೊದಲೇ ಗೋಡೆ ಎತ್ತರಿಸಿದರು. ಪುರುಷರು ಹೊರಡುವ ಜಾಗವನ್ನು ಕೆಳಗಿಳಿಸಿ ವೇಗ ತಗ್ಗಿಸಿದರು. ಮನಾಲಿ ಕಡೆಯ ನಮ್ಮ ಶಿವ ಕೇಶವನ್ ಜಾರಿದ್ದೂ ಅಲ್ಲಿಂದಲೇ. ಮುಂದೆ 2014ರ ಸೋಚಿ ಒಲಿಂಪಿಕ್ಸ್‌ನ ಓಣಿಗೆ ವೇಗ ಕುಗ್ಗಿಸುವ ಏರುಗಳನ್ನೇ ಇಟ್ಟರು.

ಬ್ಯಾಂಕಿನಲ್ಲಿ ನಾನು ಬರೆದ ಲೆಕ್ಕವನ್ನು ಇನ್ನೊಬ್ಬರು ನೋಡಿ ಸಹಿ ಹಾಕುತ್ತಿದ್ದರು. ನನ್ನ ಮೇಲೆ ಸಂಶಯವಿತ್ತೆಂದಲ್ಲ. ಮನುಷ್ಯ ಎಂದಾದರೂ ತಪ್ಪುತ್ತಾನೆ ಎಂದು. ಆ ಗೋಡೆಯೂ ಎರಡನೇ ಸಹಿಯೇ. ಅದು ಮೊದಲೇ ಬೀಳಬೇಕಿತ್ತು.

ಮಕ್ಕಳೇ, ಹೆಲ್ಮೆಟ್ ಹಾಕಿ, ಹೇಳಿಕೊಟ್ಟಂತೆ ಆಡಿ. ಭಯವಾದರೆ ಬಾಯಿಬಿಟ್ಟು ಹೇಳಿ. ಅಜ್ಜ ಅಜ್ಜಿಯರೇ, ‘ಹುಷಾರು’ ಎಂದರಷ್ಟೇ ಸಾಲದು. ಮೈದಾನದ ಗೋಲ್ ಕಂಬ ಅಲುಗಾಡುತ್ತಿದೆಯೇ ಎಂದು ನೋಡುವುದು ದೊಡ್ಡವರ ಕೆಲಸ.