ಡಯಾಲಿಸಿಸ್‌ಗೂ ಬಗ್ಗದ ಫಾಸ್ಫೇಟ್

ಹ್ಯಾಂಬರ್ಗ್‌ನ ರಸವಾದಿ ಹೆನ್ನಿಗ್ ಬ್ರಾಂಡ್ 1669ರಲ್ಲಿ ಚಿನ್ನದ ಆಸೆಗೆ ಬಿದ್ದು ಕೊಪ್ಪರಿಗೆಗಟ್ಟಲೆ ಮೂತ್ರ ಕಾಯಿಸಿ ಬತ್ತಿಸಿದ. ಚಿನ್ನ ಸಿಗಲಿಲ್ಲ, ಕತ್ತಲಲ್ಲಿ ತಾನೇ ಮಿನುಗುವ ಮೇಣದಂಥ ವಸ್ತು ಸಿಕ್ಕಿತು. ರಂಜಕ ಮನುಷ್ಯನ ಕೈಗೆ ಬಂದದ್ದು ಹಾಗೆ. ಅವನು ಹುಡುಕಿದ ಜಾಗವೂ ಸರಿಯಾಗಿಯೇ ಇತ್ತು. ಊಟದಲ್ಲಿ ಬಂದ ಹೆಚ್ಚುವರಿ ರಂಜಕವನ್ನು ಫಾಸ್ಫೇಟ್ ರೂಪದಲ್ಲಿ ಹೊರಹಾಕಲು ದೇಹಕ್ಕಿರುವ ಮುಖ್ಯ ದಾರಿ ಮೂತ್ರವೇ. ಕಿಡ್ನಿ ಸೋತವರಲ್ಲಿ ಮುಚ್ಚುತ್ತಾ ಹೋಗುವುದು ಈ ದಾರಿ.

ವಯಸ್ಕರ ದೇಹದಲ್ಲಿ ಸುಮಾರು 700 ಗ್ರಾಂ ರಂಜಕ ಇರುತ್ತದೆ. ಅದರ ಶೇ. 85ರಷ್ಟು ಕ್ಯಾಲ್ಸಿಯಂ ಜೊತೆಗೂಡಿ ಮೂಳೆ, ಹಲ್ಲುಗಳಲ್ಲಿ ಕೂತಿದೆ. ಉಳಿದದ್ದರ ಹೆಚ್ಚು ಪಾಲು ಜೀವಕೋಶಗಳ ಒಳಗೆ. ರಕ್ತದಲ್ಲಿ ಓಡಾಡುವುದು ಚೂರುಪಾರು, ಒಂದು ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ. ಲ್ಯಾಬ್ ವರದಿಯ 'ಸೀರಮ್ ಫಾಸ್ಫರಸ್' ಸಾಲಿನಲ್ಲಿ ಕಾಣುವುದು ಇದೇ ಅಂಕಿ.

ಈ ಅಂಕಿಯನ್ನು ಮಾತ್ರ ನೋಡಿ ನೆಮ್ಮದಿಯಾಗಿರುವಂತಿಲ್ಲ. ಕಿಡ್ನಿಯ ಶಕ್ತಿ ಮೂರನೇ ಒಂದು ಪಾಲಿಗೆ ಇಳಿಯುವವರೆಗೂ ಅದು ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ. ಅಷ್ಟರಲ್ಲಿ ಒಳಗೆ ವರ್ಷಗಟ್ಟಲೆ ಸೆಣಸಾಟ ನಡೆದಿರುತ್ತದೆ. ಮೂಳೆಯ ಕೋಶಗಳು ಎಫ್‌ಜಿಎಫ್ 23 ಎಂಬ ಹಾರ್ಮೋನನ್ನು ಸುರಿಸಿ, ಉಳಿದ ಅಲ್ಪಸ್ವಲ್ಪ ಕಿಡ್ನಿಯಿಂದಲೇ ಫಾಸ್ಫೇಟನ್ನು ಹೊರಗೆ ತಳ್ಳಿಸುತ್ತವೆ. ವಿಜ್ಞಾನಿಗಳು ಈ ಹಾರ್ಮೋನನ್ನು ಗುರುತಿಸಿದ್ದು 2000ದಲ್ಲಷ್ಟೇ. ಅದರ ಕೆಲಸಕ್ಕೆ ಬೆಲೆಯೂ ಇದೆ. ಅದು ಕ್ರಿಯಾಶೀಲ ವಿಟಮಿನ್ ಡಿಯ ತಯಾರಿಕೆಯನ್ನು ತಗ್ಗಿಸುತ್ತದೆ; ಕರುಳು ಹೀರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ; ಕೊರತೆ ತುಂಬಲು ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಕರಗಿಸಿ ತೆಗೆಯುತ್ತವೆ. ಅದರ ಹಿಂದೆಯೇ ಮೂಳೆಯ ಫಾಸ್ಫೇಟ್ ಕೂಡ ರಕ್ತಕ್ಕೆ ಬರುತ್ತದೆ.

ಇನ್ನೂ ಕೆಟ್ಟದ್ದು ರಕ್ತನಾಳಗಳಲ್ಲಿ ಆಗುತ್ತದೆ. ನಲ್ಲಿ ಪೈಪಿನಲ್ಲಿ ಗಡಸು ನೀರಿನ ಕರೆ ಕಟ್ಟುವ ಹಾಗೆ ನಾಳದ ಗೋಡೆಯಲ್ಲೂ ಸುಣ್ಣ ಕಟ್ಟುತ್ತದೆಂದು ಬಹುಕಾಲ ತಿಳಿದಿದ್ದರು. ವಾಸ್ತವ ಅಷ್ಟು ಸರಳವಲ್ಲ. ಅಪಧಮನಿಯ ಗೋಡೆಯ ಸ್ನಾಯುಕೋಶಗಳನ್ನು ಪ್ರಯೋಗಾಲಯದಲ್ಲಿ ಹೆಚ್ಚು ಫಾಸ್ಫೇಟ್ ಇರುವ ದ್ರವದಲ್ಲಿ ಬೆಳೆಸಿದರೆ ಅವು ಸ್ನಾಯುವಿನ ಗುಣ ಬಿಟ್ಟು ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ, ಮೂಳೆಯ ವಂಶವಾಹಿಗಳೇ ಚಾಲೂ ಆಗುತ್ತವೆ. ಅಂದರೆ ನಾಳ ಸುಮ್ಮನೆ ಸುಣ್ಣಗಟ್ಟುವುದಿಲ್ಲ, ತಾನೇ ಮೂಳೆಯಾಗಲು ಹೊರಡುತ್ತದೆ. ಗಡುಸಾದ ನಾಳದೊಳಕ್ಕೆ ರಕ್ತ ನೂಕಿ ನೂಕಿ ಹೃದಯ ಬಳಲುತ್ತದೆ. ಕಿಡ್ನಿ ಕಾಯಿಲೆಯವರಲ್ಲಿ ಬಹಳ ಜನ ಸಾಯುವುದು ಹೃದಯದ ತೊಂದರೆಯಿಂದ. ಅದಕ್ಕೆ ಇದೂ ಒಂದು ಕಾರಣ. ಇಷ್ಟೆಲ್ಲ ನಡೆದರೂ ನೋವಿಲ್ಲ, ಜ್ವರವಿಲ್ಲ. ಕೆಲವರಿಗೆ ರಾತ್ರಿಯೆಲ್ಲ ಮೈ ನವೆ, ಅಷ್ಟೇ.

ಡಯಾಲಿಸಿಸ್ ಮಾಡಿಸಿದರೆ ಫಾಸ್ಫೇಟ್ ಹೋಗದೇ ಎಂದು ಕೇಳುವವರಿದ್ದಾರೆ. ಹೋಗುತ್ತದೆ, ಸಾಲದು. ನಾಲ್ಕು ಗಂಟೆಯ ಒಂದು ಸರದಿಯಲ್ಲಿ 800 ಮಿಲಿಗ್ರಾಂನಿಂದ ಒಂದು ಗ್ರಾಂವರೆಗೆ ತೆಗೆಯಬಹುದು. ವಾರಕ್ಕೆ ಮೂರು ಸಲ ಅಂದರೆ ಹೆಚ್ಚೆಂದರೆ ಮೂರು ಗ್ರಾಂ. ಊಟದಿಂದ ಮೈಗೆ ಸೇರುವುದು ವಾರಕ್ಕೆ ನಾಲ್ಕು ಗ್ರಾಂ ದಾಟುತ್ತದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಖರ್ಚು, ದೂರ, ಹಾಸಿಗೆಯ ಕೊರತೆಯಿಂದ ವಾರಕ್ಕೆ ಎರಡೇ ಸರದಿ. ತೊಡಕಿರುವುದು ಫಾಸ್ಫೇಟ್ ಜೀವಕೋಶಗಳ ಒಳಗೆ ಅಡಗಿರುವುದರಲ್ಲಿ. ಮೊದಲ ಒಂದೆರಡು ಗಂಟೆ ರಕ್ತದ ಮಟ್ಟ ಸರ್ರನೆ ಇಳಿಯುತ್ತದೆ, ಆಮೇಲೆ ಒಳಗಿನದು ಮೆಲ್ಲಗೆ ಒಸರುತ್ತಿರುತ್ತದೆ, ಯಂತ್ರ ನಿಂತ ಮೇಲೂ ಒಸರಿ ಮಟ್ಟ ಮತ್ತೆ ಏರುತ್ತದೆ. ಇಲ್ಲಿ ಬೇಕಿರುವುದು ಹೊತ್ತು. ರಾತ್ರಿಯಿಡೀ ಎಂಟು ಗಂಟೆ, ವಾರದ ಹೆಚ್ಚಿನ ದಿನ ಡಯಾಲಿಸಿಸ್ ಮಾಡಿಸಿಕೊಳ್ಳುವ ಕೆಲವರಲ್ಲಿ ಫಾಸ್ಫೇಟ್ ಎಷ್ಟು ಕಡಿಮೆಯಾಗುತ್ತದೆಂದರೆ, ಡಯಾಲಿಸಿಸ್ ದ್ರವಕ್ಕೇ ಅದನ್ನು ಬೆರೆಸಬೇಕಾಗುತ್ತದೆ.

ಆ ಅನುಕೂಲ ಇಲ್ಲದವರಿಗೆ ಉಳಿದದ್ದು ಮಾತ್ರೆ ಮತ್ತು ತಟ್ಟೆ. ಮಾತ್ರೆ ಕರುಳಿನಲ್ಲೇ ಊಟದ ಫಾಸ್ಫೇಟನ್ನು ಹಿಡಿದು ಮಲದ ಜೊತೆ ಸಾಗಿಸುತ್ತದೆ. ಮೊದಲು ಬಂದದ್ದು ಅಲ್ಯೂಮಿನಿಯಂ ಮಾತ್ರೆ. ಕೆಲಸವೇನೋ ಚೆನ್ನಾಗಿ ಮಾಡಿತು, ಆದರೆ ಆ ಲೋಹ ಮಿದುಳು, ಮೂಳೆಗಳಲ್ಲಿ ಸೇರಿ ಹಾನಿ ಮಾಡಿತು. ಆಮೇಲೆ ಕ್ಯಾಲ್ಸಿಯಂ ಮಾತ್ರೆ, ಕ್ಯಾಲ್ಸಿಯಂ ಇಲ್ಲದ ಸೆವೆಲಮರ್, ಲ್ಯಾಂಥನಂ, ಕಬ್ಬಿಣದ ಮಾತ್ರೆಗಳು ಬಂದವು. ಇವು ಅಂಕಿ ಇಳಿಸುತ್ತವೆ; ಆಯುಸ್ಸು ಹೆಚ್ಚಿಸುತ್ತವೆಂದು ಇನ್ನೂ ಗಟ್ಟಿಯಾಗಿ ಸಾಬೀತಾಗಿಲ್ಲ. ಊಟದ ಜೊತೆಗೆ ನುಂಗಿದರೆ ಮಾತ್ರ ಇವುಗಳಿಂದ ಉಪಯೋಗ. ಬೆಳಗಿನ ಬಿಪಿ ಮಾತ್ರೆಯ ಜೊತೆ ಖಾಲಿ ಹೊಟ್ಟೆಗೆ ನುಂಗಿದವರಿಗೆ ಹಿಡಿಯಲು ಅಲ್ಲಿ ಫಾಸ್ಫೇಟೇ ಇರುವುದಿಲ್ಲ.

ತಟ್ಟೆಯ ವಿಷಯದಲ್ಲಿ ನಮ್ಮ ಪಥ್ಯದ ಪಟ್ಟಿಗಳು ಪಾಪ, ರಾಗಿ ಮತ್ತು ಬೇಳೆಯ ಮೇಲೆ ಅತಿಯಾಗಿ ಮುನಿದಿವೆ. ಕಾಳುಕಡ್ಡಿಯ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿರುತ್ತದೆ. ಅದನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅರ್ಧಕ್ಕಿಂತ ಕಡಿಮೆ ಮೈಗೆ ಹತ್ತುತ್ತದೆ. (ಮೊಳಕೆ ಬರಿಸಿದರೆ, ಹಿಟ್ಟು ಹುಳಿ ಬರಿಸಿದರೆ ಫೈಟೇಟ್ ಒಡೆದು ಸ್ವಲ್ಪ ಹೆಚ್ಚು ಹತ್ತುತ್ತದೆ.) 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ, ರಂಜಕದ ಪ್ರಮಾಣ ಒಂದೇ ಸಮನಿದ್ದರೂ ಸಸ್ಯಾಹಾರದ ವಾರದಲ್ಲಿ ಕಿಡ್ನಿ ರೋಗಿಗಳ ರಕ್ತದ ಫಾಸ್ಫೇಟ್ ಮಾಂಸಾಹಾರದ ವಾರಕ್ಕಿಂತ ಕಡಿಮೆ ಇತ್ತು. ಪೊಟ್ಯಾಸಿಯಂ ಏರಿದವರು ಕಾಳುಬೇಳೆಗೆ ಬೇರೆ ಲೆಕ್ಕ ಇಟ್ಟುಕೊಳ್ಳಬೇಕು, ಅದನ್ನು ವೈದ್ಯರೇ ಹೇಳಬೇಕು.

ಪಟ್ಟಿಗಳು ಮುನಿಯಬೇಕಾದದ್ದು ಪೊಟ್ಟಣದ ತಿನಿಸಿನ ಮೇಲೆ. ಕಾರ್ಖಾನೆಯಲ್ಲಿ ಬೆರೆಸುವ ಫಾಸ್ಫೇಟ್ ಯಾವುದಕ್ಕೂ ಅಂಟಿಕೊಂಡಿರದ ಲವಣ. ಅದರ ಬಹುತೇಕ ಎಲ್ಲವೂ ಹೀರಿಕೆಯಾಗಬಲ್ಲದು. ಕಪ್ಪು ಕೋಲಾ, ಸಂಸ್ಕರಿಸಿದ ಚೀಸ್, ದಿಢೀರ್ ನೂಡಲ್ಸ್, ಕೆಲವು ಬೇಕಿಂಗ್ ಪೌಡರ್ ಇದರ ಸಾಮಾನ್ಯ ತಾಣಗಳು. ಎಷ್ಟು ಹಾಕಿದ್ದಾರೆಂದು ಪೊಟ್ಟಣ ಸಾಮಾನ್ಯವಾಗಿ ಹೇಳುವುದಿಲ್ಲ, ಸಣ್ಣಕ್ಷರದಲ್ಲಿ ಬೆರಕೆಯನ್ನು ಗುರುತಿಸುವ ಐಎನ್‌ಎಸ್ ಸಂಖ್ಯೆ ಮಾತ್ರ ಇರುತ್ತದೆ. 338ರಿಂದ 341, 450ರಿಂದ 452 ಕಂಡರೆ ಫಾಸ್ಫೇಟ್ ಇದೆಯೆಂದೇ ಅರ್ಥ. ಇನ್ನು, ಡಯಾಲಿಸಿಸ್‌ನಲ್ಲಿರುವವರಿಗೆ ಪ್ರೋಟೀನ್ ಹೆಚ್ಚೇ ಬೇಕು, ಹೆದರಿ ಊಟ ಬಿಟ್ಟರೆ ಮೈ ಕರಗುತ್ತದೆ. ಮೊಟ್ಟೆ ತಿನ್ನುವವರು ಹಳದಿ ತೆಗೆದಿಟ್ಟು ಬಿಳಿಭಾಗ ತಿನ್ನಬಹುದು: ಒಳ್ಳೆಯ ಪ್ರೋಟೀನ್ ಅದರಲ್ಲಿದೆ, ರಂಜಕ ಇಲ್ಲವೆನ್ನುವಷ್ಟು ಕಡಿಮೆ.